ಅಕ್ಕ ಎಣಿಸದ ಕುರಿಗಳು

ಕಳೆದ ಸೋಮವಾರ ಬೆಳಿಗ್ಗೆ ಹಡಗಲಿ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ ಕಂಬಳಿ ಮಗ್ಗವನ್ನು ಬಿಚ್ಚಿದರು. ಮರ ಕದಲಿದೊಡನೆ ಎಳೆಗಳಿಗೆ ಹಚ್ಚುತ್ತಿದ್ದ ಹುಣಸೆ ಬೀಜದ ಗಂಜಿಯ ವಾಸನೆ ಎದ್ದಿತು. ಆ ವಾಸನೆ ನಿಮ್ಮ ಮನೆಯಲ್ಲೂ ಇದ್ದಿದ್ದರೆ ನಿಮಗೆ ಗೊತ್ತು: ಅದರ ಹಿಂದೆಯೇ ಒದ್ದೆ ಉಣ್ಣೆ, ಒಲೆಯ ಹೊಗೆ, ಸಂಜೆ ಹಟ್ಟಿಗೆ ಮರಳುವ ಕುರಿಗಳ ಧೂಳು ಎಲ್ಲವೂ ಬರುತ್ತವೆ. ಚಿಕ್ಕಂದಿನಲ್ಲಿ ಹಟ್ಟಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಅಕ್ಕ ಮೈಲವ್ವ ನನ್ನ ಕಣ್ಣ ಮುಂದೆ ಬಂದಳು. ನಮ್ಮಲ್ಲಿ ಕುರಿಗಳನ್ನು ಎಣಿಸುತ್ತಿರಲಿಲ್ಲ. ಎಣಿಸಿದರೆ ಹಿಂಡಿಗೆ ಕೇಡೆಂದು ಅಜ್ಜಿ ನಂಬಿದ್ದಳು. ಅಕ್ಕ ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದಳು. "ಅಜ್ಜೀ, ಮೋಟುಗಿವಿ ಬಂದಿಲ್ಲ ನೋಡು" ಎಂದರೆ ಅದು ಬಂದಿರುತ್ತಿರಲಿಲ್ಲ.

ನಮ್ಮದು ಎಲ್ಲ ತರಗತಿಗಳೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದ ಶಾಲೆ. ಒಂದು ದಿನ ಮೇಷ್ಟ್ರು ಅಕ್ಕನನ್ನು ಎಬ್ಬಿಸಿ, ಹಿಂಡಿನಲ್ಲಿ ಇಷ್ಟು ಕುರಿ ಸತ್ತರೆ ಎಷ್ಟು ಉಳಿದವು ಎಂದು ಕೇಳಿದರು. ಅವಳು ಬಾಯಿ ಬಿಡಲಿಲ್ಲ. "ಯಾಕಲೇ, ನಾಲಿಗಿ ಕುರಿ ಮೇದೈತೇನು?" ಎಂದರು. "ಕುರಿ ಎಣಸಬಾರದ್ರಿ ಸರ್" ಎಂದಳು ಅಕ್ಕ. ಕೋಣೆಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಅಂದಿನಿಂದ ಶಾಲೆಯ ಗಂಟೆ ಕೇಳಿದರೆ ಅವಳು ಹಟ್ಟಿಯೊಳಗೆ ಹೋಗಿ ಕೂರುತ್ತಿದ್ದಳು. "ಲೆಕ್ಕ ಆಕಿ ತಲಿಗೆ ಹತ್ತಂಗಿಲ್ಲ ಬಿಡು" ಎಂದು ಅಪ್ಪ ಶಾಲೆ ಬಿಡಿಸಿದ.

ಮರುವರ್ಷ ಕೊಟ್ಟೂರಿನಿಂದ ಹೊಸ ಟೀಚರ್ ಬಂದರು. ಅದೇ ಕುರಿ ಲೆಕ್ಕ ಬಂದಾಗ ಕುರಿ ಎಣಿಸಬಾರದೆಂದು ನಾನೂ ಹೇಳಿದೆ. ಅವರು ಪಕ್ಕದಲ್ಲಿ ಕೂತು, "ಮತ್ತ ಮನ್ಯಾಗ ಏನು ಎಣಸ್ತೀರವ್ವ?" ಎಂದರು.

"ಕಂಬಳಿ ಎಳಿ ರೀ."

"ಹಂಗಾದ್ರ ಕುರಿ ಬಿಡು, ಎಳಿ ಹಿಡಿ."

ಅಕ್ಕನ ವಿಷಯ ನನ್ನಿಂದ ಕೇಳಿದವರೇ ಸಂಜೆ ಮನೆಗೆ ಬಂದು ಮಗ್ಗದ ಬಳಿ ಅವಳೆದುರು ಕೂತರು. ಹರಿದ ಎಳೆಗಳನ್ನು ಕಳೆದು, ಹೊಸ ಎಳೆಗಳನ್ನು ಕೂಡಿ, ಎಷ್ಟಾಯಿತೆಂದು ಕೇಳುತ್ತ ಹೋದರು. ಅಕ್ಕ ಒಂದಕ್ಕೂ ತಡವರಿಸಲಿಲ್ಲ. "ಲೆಕ್ಕಂದ್ರ ಇಷ್ಟೇನ್ರಿ?" ಎಂದು ನಕ್ಕುಬಿಟ್ಟಳು.

"ಇಷ್ಟೇ ನನ್ನವ್ವ. ನಾಳಿ ಸಾಲಿಗೆ ಬಾ."

ಅಕ್ಕ ಅಪ್ಪನ ಮುಖ ನೋಡಿದಳು. ಅವನು ಗಂಜಿಯ ಕುಂಚ ಕೆಳಗಿಟ್ಟ. "ತಡ ಆತ್ರಿ ಟೀಚರ್. ಲಗ್ನ ಗೊತ್ತಾಗೈತಿ, ವೀಳ್ಯ ಕೊಟ್ಟೀವಿ." ಟೀಚರ್ ಬಹಳ ಹೊತ್ತು ಮಾತಾಡಿದರು. ಅಪ್ಪ ಮತ್ತೆ ಕುಂಚ ಹಿಡಿದ. ಅಕ್ಕ ಎಳೆಗಳನ್ನು ಒಂದೊಂದಾಗಿ ಸುತ್ತಿಟ್ಟಳು. ಅವಳು ಗಂಡನ ಮನೆಗೆ ಹೋದ ಮೇಲೆ ಹಟ್ಟಿಯ ಬಾಗಿಲಲ್ಲಿ ಅಜ್ಜಿ ನಿಲ್ಲತೊಡಗಿದಳು. ಅಜ್ಜಿಯ ಕಣ್ಣು ಮಂಜಾಗಿತ್ತು; ಯಾವ ಕುರಿ ಬಂದಿಲ್ಲವೆಂದು ತಿಳಿಯುತ್ತಿರಲಿಲ್ಲ. ಅಜ್ಜಿಯಾಗಲಿ, ಅಪ್ಪನಾಗಲಿ, ಹಿಂಡಾಗಲಿ ಈಗಿಲ್ಲ.

ಸೋಮವಾರ ಮಗ್ಗ ಬಿಚ್ಚುವಾಗ ಅಕ್ಕನೂ ಬಂದಿದ್ದಳು, ಮೊಮ್ಮಗಳ ಜೊತೆ. ಮಗು ಲೆಕ್ಕದ ಪುಸ್ತಕ ಹಿಡಿದು ಬಂದು, "ಅಜ್ಜೀ, ಇದೊಂದು ಹೇಳಿಕೊಡು" ಎಂದಿತು. ಬಿಚ್ಚಿಟ್ಟ ಮಗ್ಗದ ಮರದ ಮೇಲೆ ಅಕ್ಕನ ಕೈಯಿತ್ತು.

"ನನಗ ಲೆಕ್ಕ ಬರಂಗಿಲ್ಲವ್ವ" ಎಂದಳು. "ನಿಮ್ಮ ಟೀಚರ್‌ನ ಕೇಳು."