ಉಡಚಮ್ಮನ ಎದೆಯೊಳಗಿನ ಸ್ಕೂಲು

ಗುತ್ತೂರಿನಲ್ಲಿ ಯಾರಿಗೆ ಸೀತಾಳೆ ಸಿಡುಬು ಎದ್ದರೂ, ಅಂದರೆ ಅಮ್ಮ ಬಂದರೂ, ಮೊದಲ ಕರೆ ಉಡಚಮ್ಮನಿಗೇ. ಬಾಗಿಲಿಗೆ ಬೇವು ಸಿಕ್ಕಿಸಿ, ಮೊಸರನ್ನದ ಎಡೆ ಇಟ್ಟು, ಬೇವಿನ ಎಸಳಿನಿಂದ ಮೈ ಸವರುತ್ತಾ "ಕೆರಕೊಂಡ್ರೆ ಕೈ ಕಟ್ತೀನಿ" ಎಂದು ಗದರಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. "ಇಷ್ಟು ಮನಿ ತಿರುಗೀನಿ, ನನಗೊಂದು ಗುಳ್ಳೆ ಎದ್ದಿಲ್ಲ" ಎಂಬುದೇ ಆಕೆಯ ಡಿಗ್ರಿ!

ಈ ವರ್ಷ ಕೀಲುವಾತಕ್ಕೆ ದಾವಣಗೆರೆಯ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಮಡಚದ ಮಂಡಿ ಮಡಚಿತು, ಹಸಿವು ಕೆರಳಿತು, ಮುಖ ಹುಣ್ಣಿಮೆಯಾಯಿತು. ಹರಿಹರದ ಸಂತೆಯಲ್ಲಿ ಕಂಡವರೆಲ್ಲ "ಏನ್ ಕಳೆ ಬಂದೈತೆ!" ಎಂದರು. ಆಕೆ ಮಾತ್ರೆಯ ಸುದ್ದಿ ಎತ್ತದೆ, "ಎಲ್ಲಾ ಬೆಣ್ಣೆದ್ವಾಸಿ ಮಹಿಮೆ" ಎಂದಳು.

ಅಷ್ಟರಲ್ಲಿ ಎದುರು ಮನೆಯ ಎರ್ರಿಸ್ವಾಮಿಗೆ, ಫ್ಯಾಕ್ಟರಿಯಲ್ಲಿ ಕಬ್ಬಿಣ ಎತ್ತುವ ದೊಡ್ಡ ಮೀಸೆಯ ಆಳಿಗೆ, ಮೈತುಂಬಾ ಗುಳ್ಳೆ! ಬೇವು ಹಿಡಿದು ಹೊರಟ ಉಡಚಮ್ಮನಿಗೆ ಬಿ.ಎಸ್ಸಿ. ಓದುವ ಮೊಮ್ಮಗಳು ಶಾಂತಲಾ ಅಡ್ಡ ನಿಂತಳು.

"ಅಜ್ಜಿ, ಎದೆ ಎಲುಬಿನ ಹಿಂದೆ ಥೈಮಸ್ ಅಂತೈತೆ. ರೋಗದ ಜೊತೆ ಹೊಡೆದಾಡೋ ಟಿ ಸೆಲ್‌ಗಳಿಗೆ ಅದೇ ಸ್ಕೂಲು. ವಯಸ್ಸಾದಂಗೆ ಹೆಂಗೂ ಸಣ್ಣದಾಗಿರ್ತೈತೆ, ನಿನ್ನ ಮಾತ್ರೆ ಇನ್ನೂ ಕುಗ್ಗಿಸ್ತೈತೆ. ಹೊಸಬ್ರು ಪಾಸಾಗಲ್ಲ, ಹಳಬ್ರು ತೂಕಡಿಸ್ತಾರೆ."

"ನನ್ನ ಎದ್ಯಾಗಿನ ಸ್ಕೂಲು, ನನ್ನ ಕೇಳ್ದೇನೇ ಮುಚ್ಚಿದ್ರಾ?"

"ನಿಂಗೆ ಗುಳ್ಳೆ ಎದ್ದೇ ಇಲ್ಲಲ್ಲ, ನಿನ್ನ ಸೆಲ್‌ಗಳು ಈ ರೋಗದ ಮುಖಾನೇ ನೋಡಿಲ್ಲ. ಈಗ ಅಂಟಿದ್ರೆ ಜೀವಕ್ಕೇ ಬರ್ತೈತೆ."

ಇಷ್ಟು ವರ್ಷದ ಡಿಗ್ರಿಯೇ ಈಗ ತಪ್ಪಾಯಿತೆ! ಉಡಚಮ್ಮ ಬೇವನ್ನು ಕಟ್ಟೆಯ ಮೇಲಿಟ್ಟಳು.

"ಮಾತ್ರಿ ಬಿಡ್ತೀನಿ ತಗಾ. ಸಂಜಿಗೆ ಸ್ಕೂಲ್ ತೆಗೀತೈತೆ."

"ಬ್ಯಾಡ! ಒಮ್ಮೆಗೇ ಬಿಟ್ರೆ ಅದೂ ಡೇಂಜರ್. ಡಾಕ್ಟ್ರೇ ನಿಧಾನಕ್ಕೆ ಇಳಿಸ್ಬೇಕು."

ಫೋನಿನಲ್ಲಿ ಡಾಕ್ಟರೂ "ಆ ಮನಿ ಹೊಸ್ತಿಲು ತುಳೀಬ್ಯಾಡ್ರಿ" ಎಂದರು. ಕೊನೆಗೆ ಬೇವು ಹಿಡಿದು ಹೋದವಳು ಪಕ್ಕದ ಬೀದಿಯ ಯಲ್ಲಕ್ಕ. ಅವಳಿಗೆ ಚಿಕ್ಕಂದಿನಲ್ಲೇ ಅಮ್ಮ ಬಂದುಹೋಗಿತ್ತು, ಮತ್ತೆ ಅಂಟುವ ಭಯವಿರಲಿಲ್ಲ. ಈ ಅವಕಾಶಕ್ಕೂ ಅವಳು ಆಗಿನಿಂದಲೇ ಕಾಯುತ್ತಿದ್ದಂತಿತ್ತು.

ಇನ್ನು ತನ್ನನ್ನು ಕರೆಯುವವರ್ಯಾರು? ಉಡಚಮ್ಮ ತನ್ನ ತಾರಸಿ ಹತ್ತಿ, ರಸ್ತೆಯಾಚೆಗೆ ಕೇಳುವಂತೆ ಕೂಗಿದಳು: "ಯಲ್ಲಕ್ಕಾ, ಎಡಿ ಇಟ್ಟೀಯೇನು? ಮೆಲ್ಲಕ ಸವರು, ಕಸ ಹೊಡ್ದಂಗೆ ಮಾಡ್ಬ್ಯಾಡ!"

ಸ್ಕೂಲು ಮುಚ್ಚಿದ ಸುದ್ದಿ ಎದುರು ಮನೆಗೂ ಮುಟ್ಟಿತ್ತು. ಅದರೊಳಗಿನಿಂದ ಎರ್ರಿಸ್ವಾಮಿಯ ಅಳು ಬಂತು. "ಯವ್ವಾ, ನಿನ್ನ ಸ್ಕೂಲು ಯಾವಾಗ ತೆಗೀತಾರೆ? ಈ ಯಲ್ಲಕ್ಕ ಬೈಯೋದೇ ಇಲ್ಲ. ಮೈಯೆಲ್ಲಾ ಕೆರ್ಕೊಂಡುಬಿಟ್ಟೆ!"

ಮಾತ್ರೆಯಿಂದ ಊದಿದ್ದ ಉಡಚಮ್ಮನ ಮುಖ ಈಗ ಹಿಗ್ಗಿನಿಂದ ಇನ್ನಷ್ಟು ಊದಿತು. ಸೆರಗು ಸಿಕ್ಕಿಸಿ, ತಾರಸಿಯಿಂದಲೇ ಗುಡುಗಿದಳು:

"ಕೈ ಕಟ್ಟೇ ಅವಂದು!"