ಕಾರ್ಡು ಹಾಕಬ್ಯಾಡ್ರಿ

ಈ ಸಂಗತಿ ಕೇಳಿದವರಲ್ಲಿ ಅರ್ಧ ಮಂದಿ ನಾನು ಆ ರಾತ್ರಿ ಕುಡಿದಿದ್ದೆ ಅನ್ನುತ್ತಾರೆ, ಇನ್ನರ್ಧ ಮಂದಿ ಜ್ವರದಲ್ಲಿದ್ದೆ ಅನ್ನುತ್ತಾರೆ. ಚಹಾ ಬಿಟ್ಟು ನಾನು ಮತ್ತೊಂದನ್ನು ಕುಡಿದವನಲ್ಲ. ಜ್ವರ ಬಂದದ್ದು ಮರುದಿನ. ಯಾರನ್ನೂ ನಂಬಿಸುವ ಹಟ ನನಗಿಲ್ಲ. ಇದನ್ನು ನಂಬದೆ ಇರಲು ನಾನೇ ಬಹಳ ವರ್ಷ ಒದ್ದಾಡಿ ಸೋತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನವಲಗುಂದ ತಾಲ್ಲೂಕಿನ ಎರೆಹೊಲಗಳ ನಡುವೆ, ಬೆಣ್ಣಿಹಳ್ಳಕ್ಕೆ ಹತ್ತಿರದಲ್ಲೇ ನಮ್ಮ ಸ್ಟೇಷನ್ನು. ದೂರದ ಊರುಗಳ ಫೋನ್ ಮಾತು ತಂತಿಯಲ್ಲಿ ಬರುಬರುತ್ತ ಸಣ್ಣಗಾಗುತ್ತದೆ. ಅದನ್ನು ದೊಡ್ಡದು ಮಾಡಿ ಮುಂದಕ್ಕೆ ಕಳಿಸುವ ಜಾಗ ಅದು. ಇಂಥವು ದಾರಿಯುದ್ದಕ್ಕೂ ಇದ್ದವು. ನಮ್ಮಲ್ಲಿ ಹಗಲಿಗೊಬ್ಬ, ರಾತ್ರಿಗೊಬ್ಬ ಕೆಲಸಕ್ಕಿರುತ್ತಿದ್ದೆವು. ನಮ್ಮ ಮುಂದಿನ ಸ್ಟೇಷನ್ನಿನಲ್ಲಿ ಮಾತ್ರ ಯಾರೂ ಇರುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಿ, ನೋಡಿ, ಕೀಲಿ ಹಾಕಿಕೊಂಡು ಬರುವುದು.

ಒಂದೇ ಕೋಣೆ. ಎರೆಮಣ್ಣಿನ ಧೂಳು ಒಳಗೆ ಬರಬಾರದೆಂದು ಕಿಟಕಿಯನ್ನೇ ಇಟ್ಟಿರಲಿಲ್ಲ. ದಪ್ಪ ಬಾಗಿಲು, ಒಳಗೆ ಆಳೆತ್ತರದ ಕಬ್ಬಿಣದ ರ್ಯಾಕುಗಳು, ಅವುಗಳ ತುಂಬ ಮಕ್ಕಳು ಬರೆಯುವ ಪಾಟಿಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಸರ್ಕೀಟ್ ಕಾರ್ಡುಗಳು. ಒಂದಕ್ಕೊಂದು ಎಷ್ಟು ಒತ್ತಿಕೊಂಡಿದ್ದವೆಂದರೆ ನಡುವೆ ಬೆರಳು ಹೋಗುತ್ತಿರಲಿಲ್ಲ. ಅದಕ್ಕೊಂದು ಉಕ್ಕಿನ ಕೊಕ್ಕೆ ಇತ್ತು. ಒಲೆಯ ಇಕ್ಕಳದಂಥ ಹಿಡಿ, ತುದಿಗೆ ಎರಡು ಹಲ್ಲು. ಕಾರ್ಡಿನ ಅಂಚಿನ ಎರಡು ತೂತುಗಳಿಗೆ ಹಲ್ಲು ಸಿಕ್ಕಿಸಿ ಎಳೆದರೆ ಕಾರ್ಡು ಹೊರಗೆ, ಹಿಡಿದು ಒತ್ತಿದರೆ ಒಳಗೆ. ಇಡೀ ಸ್ಟೇಷನ್ನಿಗೆ ಅದೊಂದೇ. ಡ್ಯೂಟಿ ಬದಲಾಗುವಾಗ ನಾವು ಕೊಕ್ಕೆಯನ್ನು ಕೈಯಿಂದ ಕೈಗೇ ಕೊಡುತ್ತಿದ್ದೆವು.

ಮತ್ತೊಂದು ರೂಢಿಯೂ ಇತ್ತು. ಸ್ಟೇಷನ್ನುಗಳವರು ತಮ್ಮತಮ್ಮಲ್ಲಿ ಮಾತಾಡಲು ಒಂದು ಸರ್ವಿಸ್ ಫೋನಿತ್ತಲ್ಲ, ಗುಡುಗು ಶುರುವಾದರೆ ಮೊದಲು ಅದರ ಕಾರ್ಡು ಕಿತ್ತಿಡುವುದು. ಸಿಡಿಲಿಗೆ ಮೊದಲು ಸುಡುವುದು ಅದೇ, ಬದಲಿ ಬರಲು ತಿಂಗಳುಗಟ್ಟಲೆ ಕಾಯಬೇಕು. ಹೀಗೆ ಮಾಡಿ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ನಾವು ಮಾಡುತ್ತಿದ್ದೆವು, ಗುಡುಗು ನಿಂತ ಮೇಲೆ ಮತ್ತೆ ಹಾಕುತ್ತಿದ್ದೆವು.

ಆ ಸಂಜೆಯೂ ಗುಡುಗಿತು. ಕಾರ್ಡು ಕಿತ್ತು ಮೇಜಿನ ಮೇಲೆ ಅರಿವೆ ಹಾಸಿ ಇಟ್ಟೆ. ಪಕ್ಕದಲ್ಲಿ ಕೊಕ್ಕೆ.

ಎಂಟರ ಹೊತ್ತಿಗೆ ವಾಚಮನ್ ಫಕೀರಪ್ಪ ಊಟಕ್ಕೆ ಹೊರಟ. ಅವನ ಊರು ಹಳ್ಳದಾಚೆ. ಹೋಗುವಾಗ ಹೊರಗಿನಿಂದ ಕೀಲಿ ಹಾಕುವುದು ಅವನ ಪದ್ಧತಿ. ಒಮ್ಮೆ ತಾಮ್ರದ ತಂತಿ ಕಳುವಾಗಿತ್ತು, ಅಂದಿನಿಂದ ಅವನಿಗೆ ನಮಗಿಂತ ಕೀಲಿಯ ಮೇಲೇ ಹೆಚ್ಚು ವಿಶ್ವಾಸ.

"ತಾಸಿನ್ಯಾಗ ಬಂದಬಿಡ್ತೇನ್ರಿ."

"ಮಳಿ ಬರೂ ಹಂಗದ, ಲಗೂ ಬಾ ಮಾರಾಯಾ."

ಬರಲಿಲ್ಲ. ಮಳೆ ಹೊಡೆಯಿತು, ಕರೆಂಟು ಹೋಯಿತು. ಉಪಕರಣಗಳು ಬ್ಯಾಟರಿಯ ಮೇಲೆ ಗುಂಯ್ ಎನ್ನುತ್ತಿದ್ದವು. ಕಂದೀಲು ಹಚ್ಚಿದೆ. ಬ್ಯಾಟರಿಯ ಹುಳಿವಾಸನೆ, ಸೀಮೆಎಣ್ಣೆಯ ವಾಸನೆ, ಬಾಗಿಲ ಸಂದಿಯಿಂದ ಹಸಿಮಣ್ಣಿನ ವಾಸನೆ... ಗುಡುಗು ದೂರಾಯಿತು. ಕಾರ್ಡಿನ ನೆನಪು ನನಗೆ ಪೂರ್ತಿ ಹಾರಿಹೋಗಿತ್ತು.

ಹತ್ತು ಗಂಟೆಗೆ ಸರ್ವಿಸ್ ಫೋನು ಗಿರ್ ಎಂದಿತು. ಎತ್ತಿದೆ.

"ಯಾರ್ರಿ?" ಗಂಡಸಿನ ದನಿ. ಹತ್ತಿರದಿಂದಲೇ ಮಾತಾಡಿದಂತೆ ಸ್ವಚ್ಛವಾಗಿತ್ತು.

ಸ್ಟೇಷನ್ನಿನ ಹೆಸರು ಹೇಳಿ, "ನೀವೆಲ್ಲಿಂದ?" ಎಂದೆ.

"ಮುಂದಿನ ಸ್ಟೇಷನ್ನಿಂದ್ರಿ."

ಮಳೆಗೆ ಲೈನು ಕೆಟ್ಟು ಯಾರನ್ನೋ ಅಲ್ಲಿಗೆ ಕಳಿಸಿರಬೇಕು ಎಂದುಕೊಂಡೆ. "ಒಬ್ಬರ ಅದೀರೇನು?"

"ಹೂಂರಿ. ಬಾಗಲಾ ತಗಿಯಂಗಿಲ್ಲ. ಕತ್ತಲ ಐತಿ."

ನನಗೆ ನಗು ಬಂತು. "ಛಲೋ ಆತು ಬಿಡ್ರಿ. ನನ್ನನ್ನೂ ಫಕೀರಪ್ಪ ಕೀಲಿ ಹಾಕಿ ಹೋಗ್ಯಾನ. ಇಬ್ಬರೂ ಒಂದ ಜೇಲಿನ್ಯಾಗ ಇದ್ದಂಗಾತು."

ಅವನು ನಗಲಿಲ್ಲ. ಮೆಲ್ಲಗೆ ಕೇಳಿದ. "ನೀವು ಹೊರಗ ಬಿದ್ದ ಮ್ಯಾಲೆ ನನ್ನ ಕಡೆ ಬಂದು ಬಾಗಲಾ ತಗೀತೀರೇನ್ರಿ?"

"ತಗೀತೇನಿ, ಅದಕ್ಕೇನಂತ. ಎಷ್ಟೊತ್ತಾತು ಸಿಕ್ಕೊಂಡು?"

"ಗೊತ್ತಿಲ್ರಿ... ಫೋನ್ ಎತ್ತಿದವರು ನೀವ ಮೊದಲ."

ಆ ಮಾತು ನನಗೆ ಸರಿಬರಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಹೊರಗೆ ಬೇರೆ ಸದ್ದು ಕೇಳಿಸಿತು. ಮಳೆಯದಲ್ಲ. ತುಂಬಿದ ಚಕ್ಕಡಿಗಳು ಒಂದರ ಹಿಂದೊಂದು ಬರುವಂಥ ದಡದಡ ಸದ್ದು. ನೋಡನೋಡುತ್ತಿದ್ದಂತೆ ಬಾಗಿಲ ಕೆಳಗಿನಿಂದ ಕರಿ ನೀರು ಒಳಗೆ ಹರಿಯಿತು.

ಹಳ್ಳ ಬಂದಿತ್ತು. ಫಕೀರಪ್ಪ ಯಾಕೆ ಬರಲಿಲ್ಲವೆಂಬುದು ಆಗ ಗೊತ್ತಾಯಿತು.

ಬಾಗಿಲಿಗೆ ಹೆಗಲು ಕೊಟ್ಟೆ, ಒದ್ದೆ, ಕಿರುಚಿದೆ. ಎರೆಹೊಲದ ನಡುವೆ ಯಾರಿಗೆ ಕೇಳಬೇಕು? ಮೊದಲು ಪಾದ ಮುಳುಗಿತು, ಆಮೇಲೆ ಮೊಣಕಾಲು. ಬ್ಯಾಟರಿಗಳ ಕಟ್ಟೆ ನನ್ನ ಸೊಂಟದ ಎತ್ತರ. ಅಲ್ಲಿಗೆ ನೀರು ಮುಟ್ಟಿದರೆ ಫೋನೂ ಸಾಯುತ್ತದೆ, ಆಮೇಲೆ ನನ್ನನ್ನು ಕೇಳುವವರಿಲ್ಲ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಸಾಯುತ್ತೇನೆ ಅಂತ ಜೀವನದಲ್ಲಿ ಮೊದಲ ಸಲ ಅನ್ನಿಸಿತು, ಅಳು ಬಂತು.

ಫೋನಿಗೆ ಓಡಿದೆ. "ಏನ್ರಿ, ಹಳ್ಳ ಒಳಗ ಬಂದೈತಿ. ಹುಬ್ಬಳ್ಳಿಗೆ ಹೇಳ್ರಿ, ಯಾರಿಗರೆ ಹೇಳ್ರಿ."

"ನಾ ಹೇಳಿದ್ದು ಯಾರಿಗೂ ಕೇಳಂಗಿಲ್ರಿ," ಎಂದ. "ನಿಮಗಷ್ಟ."

ರಿಸೀವರು ಕೈಯಲ್ಲಿದ್ದ ಹಾಗೆಯೇ ಇನ್ನೊಂದು ಕೈಯಿಂದ ಕಂದೀಲನ್ನು ಮೇಜಿನಿಂದ ರ್ಯಾಕಿನ ಮೇಲಕ್ಕೆ ಎತ್ತಿಡಲು ಹೋದೆ. ಬೆಳಕು ಮೇಜಿನ ಮೇಲೆ ಬಿತ್ತು.

ಅರಿವೆಯ ಮೇಲೆ ಕಾರ್ಡು. ಸರ್ವಿಸ್ ಫೋನಿನ ಕಾರ್ಡು... ಸಂಜೆ ನಾನೇ ಕಿತ್ತಿಟ್ಟದ್ದು.

ರ್ಯಾಕಿನಲ್ಲಿ ಅದರ ಜಾಗ ಖಾಲಿ ಇತ್ತು. ಅದಿಲ್ಲದೆ ಆ ಫೋನಿನಲ್ಲಿ ಇರುವೆ ಹರಿದ ಸದ್ದೂ ಬರುವಂತಿಲ್ಲ. ಇಷ್ಟು ಹೊತ್ತು ನಾನು ಅದರಲ್ಲೇ ಮಾತಾಡಿದ್ದೆ.

ಕಿವಿಯಿಂದ ರಿಸೀವರು ತೆಗೆಯಲೂ ಆಗಲಿಲ್ಲ.

"ನೋಡಿದ್ರಿ?" ಎಂದಿತು ದನಿ.

ರಿಸೀವರು ಕೈಬಿಟ್ಟೆ. ಅದು ವೈರಿನಲ್ಲಿ ಜೋತಾಡತೊಡಗಿತು. ಕಾರ್ಡು ಹಾಕಿದರೆ ಹುಬ್ಬಳ್ಳಿ ಕಡೆಯ ಹಿಂದಿನ ಸ್ಟೇಷನ್ನು ಸಿಗುತ್ತದೆ, ಬೇರೆ ದಾರಿಯಿಲ್ಲ. ಅರಿವೆ ಎಳೆಯುವ ಗಡಿಬಿಡಿಯಲ್ಲಿ ಕೊಕ್ಕೆ ಜಾರಿ ನೀರಿಗೆ ಬಿತ್ತು. ಬರಿಗೈಯಲ್ಲಿ ಪ್ರಯತ್ನಿಸಿದೆ. ಕಾರ್ಡು ಅರ್ಧಕ್ಕೆ ಹೋಗಿ ನಿಂತಿತು, ಅದರಾಚೆ ಬೆರಳು ನುಗ್ಗಲಿಲ್ಲ.

ಎದೆಮಟ್ಟ ಬಗ್ಗಿ ಆ ರಾಡಿಯಲ್ಲಿ ತಡಕಾಡಿದೆ. ಬಾಯಿಗೆ ನೀರು ಹೋಯಿತು. ಜೋತಾಡುವ ರಿಸೀವರಿನಿಂದ ಸಣ್ಣಗೆ ಮಾತು ಬರುತ್ತಲೇ ಇತ್ತು.

"ಹಾಕಬ್ಯಾಡ್ರಿ... ನೀವು ಕಾರ್ಡು ಹಾಕಿದ್ರ ನಾ ಮತ್ತ ಒಬ್ಬನ ಆಗ್ತೇನ್ರಿ..."

ಹೆದರಿಸುವ ದನಿಯಾಗಿದ್ದರೆ ಎಷ್ಟೋ ವಾಸಿ ಇತ್ತು. ಅವನು ನನಗಿಂತ ಹೆಚ್ಚು ಹೆದರಿದ್ದ.

ಮೇಜಿನ ಕಾಲ ಹತ್ತಿರ ಕೊಕ್ಕೆ ಕೈಗೆ ತಾಗಿತು. ಹಲ್ಲು ಸಿಕ್ಕಿಸಿದೆ. ಎರಡು ಸಲ ತಪ್ಪಿ ಮೂರನೆಯ ಸಲ ಹಿಡಿಯಿತು.

"ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ. ಕತ್ತಲ ಐತ್ರಿ ಇಲ್ಲೆ, ನೀವೂ—"

ಒತ್ತಿದೆ. ಟಕ್ ಎಂದು ಕಾರ್ಡು ಕೂತಿತು. ಮಾತು ಅಲ್ಲಿಗೇ ಕಡಿಯಿತು.

ರಿಸೀವರು ಎತ್ತಿ ಗುಂಡಿ ಒತ್ತಿದೆ. ಹಿಂದಿನ ಸ್ಟೇಷನ್ನಿನ ಇಮಾಮಸಾಬ ಎತ್ತಿದರು.

"ಎಲ್ಲಿ ಸತ್ತಿದ್ದಿಲೇ? ಸಂಜಿಯಿಂದ ಫೋನ್ ಮಾಡಿ ಮಾಡಿ ಸಾಕಾತು."

ಹೇಳಿದೆ. ಏನು ಹೇಳಿದೆನೋ ನನಗೇ ನೆನಪಿಲ್ಲ. ಅವರು ನವಲಗುಂದಕ್ಕೆ ತಿಳಿಸಿದರು. ನೀರು ಎದೆಮಟ್ಟ ಏರಿತು, ನಾನು ರ್ಯಾಕು ಹತ್ತಿ ನಿಂತೆ. ನಸುಕಿನಲ್ಲಿ ಹಗ್ಗ ಕಟ್ಟಿಕೊಂಡು ಬಂದ ಐದಾರು ಮಂದಿ ಕೀಲಿ ಒಡೆದು ನನ್ನನ್ನು ಹೊರಗೆಳೆದರು. ಹಳ್ಳದಾಚೆ ದಂಡೆಯಲ್ಲಿ ಫಕೀರಪ್ಪ ಕೀಲಿಕೈ ಹಿಡಿದು ಹುಚ್ಚನ ಹಾಗೆ ಅಳುತ್ತ ಕೂತಿದ್ದನಂತೆ. ಅವನನ್ನು ಬೈಯುವ ಮನಸ್ಸಾಗಲಿಲ್ಲ.

ಜ್ವರ ಇಳಿದ ಮೇಲೆ, ನಾಲ್ಕನೆಯ ದಿನ, ನಮ್ಮ ಹಿರಿಯರಾದ ಪಾಟೀಲರು ಮುಂದಿನ ಸ್ಟೇಷನ್ನು ನೋಡಲು ಹೊರಟರು. ನಾನೂ ಬರುತ್ತೇನೆ ಎಂದೆ. ಸುಧಾರಿಸಿಕೊಳ್ಳಿ ಎಂದರು, ಕೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಅದು ದಿನ್ನೆಯ ಮೇಲಿತ್ತು, ನೀರು ಅತ್ತ ಸುಳಿದಿರಲಿಲ್ಲ. ಕೀಲಿಯ ಮೇಲೆ ಜೇಡ ಬಲೆ ಕಟ್ಟಿತ್ತು. ಬಾಗಿಲು ತೆರೆದೊಡನೆ ಬೇಯುವ ಬಿಸಿ ಹೊರಗೆ ಬಂತು. ಹೋದ ವಾರ ಪಾಟೀಲರು ಬಂದು ಹೋದ ಚಪ್ಪಲಿಯ ಗುರುತು ಬಿಟ್ಟರೆ ನೆಲದ ಧೂಳಿನ ಮೇಲೆ ಏನೂ ಇರಲಿಲ್ಲ. ಫೋನು ತನ್ನ ಜಾಗದಲ್ಲಿತ್ತು.

"ಇಲ್ಲೆ ಯಾರರೆ ಸಿಕ್ಕೊಂಡು ಸತ್ತದ್ದು ಅದ ಏನ್ರಿ, ಹಿಂದ?" ಎಂದು ಕೇಳಿದೆ.

"ಇಲ್ಲಪಾ. ಕಟ್ಟಿದಾಗಿಂದ ನಾನ ಅದೀನಿ. ಏನೂ ಆಗಿಲ್ಲ. ಯಾಕ?"

ಸುಮ್ಮನೆ ಕೇಳಿದೆ ಎಂದೆ. ಪಾಟೀಲರು ತಮ್ಮ ಕೆಲಸ ಮುಗಿಸಿ ಕೀಲಿ ತೆಗೆದುಕೊಂಡರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದವನು ಥಟ್ಟನೆ ಪಕ್ಕಕ್ಕೆ ಸರಿದೆ. ದಾರಿ ಬಿಟ್ಟ ಹಾಗೆ.

"ಸ್ವಲ್ಪ ತಡೀರಿ. ತೆರದಿರ್ಲಿ."

"ಯಾರಿಗೆ ಕಾಯ್ಲಿಕತ್ತೀರಿ?"

"ಗಾಳಿ ಆಡ್ಲಿ ಅಂತ್ರಿ."

ಒಂದು ಬೀಡಿ ಸೇದುವಷ್ಟು ಹೊತ್ತು ನಿಂತೆವು. ಆಮೇಲೆ ಪಾಟೀಲರು ಬಾಗಿಲು ಎಳೆದು ಕೀಲಿ ಹಾಕಿದರು. ನಾನು ತಡೆಯಲಿಲ್ಲ. ಹೊರಗೆ ಬರಲು ಅಷ್ಟು ಹೊತ್ತು ಅವನಿಗೆ ಸಾಕಾಯಿತೋ ಇಲ್ಲವೋ... ನನಗೆ ಇವತ್ತಿಗೂ ಗೊತ್ತಿಲ್ಲ.