ನಮ್ಮಪ್ಪನ ಒಂದ ವೈರಿನ ಲೈಟು

ನಮ್ಮಪ್ಪಗ ಕರೆಂಟಿನ ಹುಚ್ಚು. ಮೋರಟಗಿ ಕಡೆ ಯಾರ ಹೊಲದಾಗ ಪಂಪಿನ ಸ್ಟಾರ್ಟರ್ ಕೆಟ್ರೂ ಮೊದಲು ಅವನ್ನ ಕರೀತಾರ. ಕಿಸೆದಾಗ ಪೆನ್ನು ಇರಲಿಕ್ಕಿಲ್ಲ, ಟೆಸ್ಟರ್ ಇರತೈತಿ. ಅಂಥಾ ಮನಷ್ಯಾ ಮಗಳಾದ ನನ್ನ ಕೊಟ್ಟದ್ದೂ ಕರೆಂಟ್ ಕೆಲಸದವರಿಗೇ. ನಮ್ಮ ಮನಿಯವರದು ಸಿಂದಗ್ಯಾಗ ಅಂಗಡಿ, ಸರಕಾರದ ಲೈಸೆನ್ಸ್ ಐತಿ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ತನಕ ಮನಿ ವೈರಿಂಗಿಗೆ ಹೋಗ್ತಾರ. ಮಾವ ಅಳಿಯ ಊಟಕ್ಕ ಕೂತ್ರ ಫೇಜು, ನ್ಯೂಟ್ರಲ್ಲು, ಬರೇ ಅದ ಪುರಾಣ. ಹೋಳಿಗಿ ಆರಿ ತಣ್ಣಗಾದ್ರೂ ಇಬ್ಬರಿಗೂ ಖಬರ್ ಇರಂಗಿಲ್ಲ.

ಜಗಳ ಬರೋದು ಒಂದಕ್ಕ. ನಮ್ಮ ಕಡೆ ಹೊಲದಾಗ ಲೈಟ್ ಹಚ್ಚೋ ಒಂದು ಪದ್ಧತಿ ಐತಿ. ಕರೆಂಟಿಗೆ ಒಂದ ವೈರ್ ಎಳೀತಾರ. ಎರಡನೇ ವೈರಿನ ಬದಲಿ ಒಂದು ಕಬ್ಬಿಣದ ಸಳಿ ನೆಲಕ್ಕ ಬಡದು ಅದಕ್ಕ ಕಟ್ಟತಾರ. ಲೈಟ್ ಮಂದ ಆತಂದ್ರ ಸಳಿ ಬುಡಕ್ಕ ಒಂದು ಕೊಡ ನೀರು ಹಾಕಿದ್ರಾತು, ಭಗ್ಗನ ಬೆಳಕು. "ಭೂಮ್ತಾಯಿ ಇರೋವಾಗ ಎರಡನೇ ವೈರ್ ಯಾಕ?" ಅಂತಾನ ನಮ್ಮಪ್ಪ. ಇದನ್ನ ಕೇಳಿದ್ರ ನಮ್ಮ ಮನಿಯವರ ಮಾರಿ ಹುಳಿ ಮಜ್ಜಿಗಿ ಕುಡದಂಗ ಆಗತೈತಿ.

ಹೋದ ವರ್ಷ ನಮ್ಮಪ್ಪ ಊರಾಗ ಹೊಸಾ ಮನಿ ಕಟ್ಟಿಸಿದ. ನಮ್ಮ ಮನಿಯವರು ನಿಂತು ವೈರಿಂಗ್ ಮಾಡಿದ್ರು. ಎಲ್ಲಿ ಕರೆಂಟ್ ಸೋರಿದ್ರೂ ತಾನ ಬಿದ್ದು ಬಂದ್ ಆಗೋ ಸ್ವಿಚ್ ಒಂದನ್ನ ಮುದ್ದಾಂ ತರಿಸಿ ಹಾಕಿದ್ರು. ಮೀಟರ್ ಬರಬೇಕಂದ್ರ, ಕೆಲಸ ಬರೋಬ್ಬರಿ ಐತಿ ಅಂತ ಲೈಸೆನ್ಸ್ ಇದ್ದವರು ಸಹಿ ಮಾಡಬೇಕು. ಮಾಡಿದ್ರು. ಮಾಡಿ ಅಂದ್ರು, "ಮಾವಾರ, ಇನ್ನ ಮ್ಯಾಲೆ ಒಂದು ಬಲ್ಬ್ ಹಾಕೋದಿದ್ರೂ ನನಗ ಹೇಳ್ರಿ. ಏನರ ಆದ್ರ ಎಲ್ಲಾರೂ ಹಿಡಿಯೋದು ನನ್ನ ಕೊಳ್ಳಪಟ್ಟಿ."

"ಆತ್ರೀ ಅಳಿಯಂದ್ರ," ಅಂದ ನಮ್ಮಪ್ಪ. ಅಷ್ಟು ಲಗೂನ ಒಪ್ಪಿದಾಗ ನನಗ ಸಂಶೆ ಬರಬೇಕಿತ್ತು.

ಒಂದಿನ ಮುಂಜಾನೆ ನಮ್ಮವ್ವನ ಫೋನು. "ಯವ್ವಾ, ಎಮ್ಮಿ ನೀರಿನ ದೋಣಿ ಹಂತೇಕ ಬರವಲ್ದು. ದೃಷ್ಟಿ ಆಗೇತೇನೋ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಗದೆ. ಈಗ ನಳ ಮುಟ್ಟಿದ್ರ ನನಗೂ ಕೈ ಜುಮ್ ಅಂತೈತಿ."

ನಮ್ಮ ಮನಿಯವರು ಫೋನ್ ಕಸಗೊಂಡ್ರು. "ಅತ್ತೀ, ಅಲ್ಲಿಂದ ಸರೀರಿ! ಮೇನ್ ಬಂದ್ ಮಾಡಾಕ ಹೇಳ್ರಿ. ನಳ ಯಾರೂ ಮುಟ್ಟಬ್ಯಾಡ್ರಿ!" ಗಾಡಿ ಹತ್ತಿದ ಮ್ಯಾಲೆ ದಾರಿತುಂಬ ಒಂದ ಮಾತು, "ಸಹಿ ನಂದು ಐತಿ, ಸಹಿ ನಂದು ಐತಿ."

ಹೋಗಿ ನೋಡ್ತೀವಿ, ಹಿತ್ತಲ ಕಿಡಕ್ಯಾಗಿಂದ ಎಮ್ಮಿ ಕೊಟ್ಟಿಗಿಗೆ ಒಂದ ವೈರ್ ಹೋಗೈತಿ. ನಳದ ಬಾಜೂಕ, ರಾಡಿಯೊಳಗ, ಒಂದು ಸಳಿ! ಅದಕ್ಕಿಳಿದ ಕರೆಂಟ್ ಹಸಿ ನೆಲದಾಗ ಹಬ್ಬಿ ನಳಕ್ಕೂ ನೀರಿನ ದೋಣಿಗೂ ಬಂದಿತ್ತು. ಅಷ್ಟ ಅಲ್ಲ. ಸೋರಿದ್ರ ಬೀಳೋ ಆ ಸ್ವಿಚ್ಚಿಗೆ ಜೋಡಿಸಿದಾಗ ಅದು ಪಟ್ ಪಟ್ ಅಂತ ಬಿದ್ದಿತ್ತಂತ. "ಅದು ಪುಕ್ಕಲ ಸ್ವಿಚ್ ಐತ್ರೀ," ಅಂದ ನಮ್ಮಪ್ಪ, "ಅದಕ್ಕ ಅದನ್ನ ತಪ್ಪಿಸಿ ಹಿಂದಿಂದ ಸೀದಾ ವೈರ್ ಎಳದೆ." ನಮ್ಮ ಮನಿಯವರು ಹಣಿ ಹಣಿ ಬಡಕೊಂಡ್ರು. ಸಳಿ ಕಿತ್ತು, ವೈರ್ ಬಿಚ್ಚಿ, ಎಲ್ಲಾ ಟೆಸ್ಟ್ ಮಾಡಿ, ಆಮ್ಯಾಲೆ ಮೇನ್ ಹಾಕಿದ್ರು.

ಅಷ್ಟರಾಗ ಓಣಿ ಮಂದಿ ಅಂಗಳದಾಗ ಜಮಾ ಆಗಿತ್ತು. ಬಾಜೂ ಮನಿ ಕಾಕಾ ಮೀಸಿ ತಿರುವಿ ಅಂದ, "ನಮ್ಮ ಮಗನ ಮನಿ ಕೆಲಸ ಅಳಿಯಂದ್ರಿಗೇ ಕೊಡಬೇಕಂತ ಮಾಡಿದ್ವಿ. ಬ್ಯಾಡ್ರೆಪಾ. ಅತ್ತಿಗೇ ಶಾಕ್ ಕೊಟ್ಟವರು ನಮ್ಮನ್ನ ಬಿಡ್ತಾರೇನು?" ಎಲ್ಲಾರೂ ನಕ್ಕರು.

ನಾ ನಮ್ಮಪ್ಪನ ಮಾರಿ ನೋಡಿದೆ. ಅಂವ ಚಪ್ಪಲಿ ನೋಡಾಕತ್ತಿದ್ದ. ಊರಾಗ ಕರೆಂಟಿನ ಹುಲಿ ಅನಿಸಿಕೊಂಡಾಂವ, ಬಾಯಿ ಹೆಂಗ ಬಿಟ್ಟಾನು? ನಮ್ಮ ಮನಿಯವರು ಮಾವನ ಮರ್ಯಾದಿ ಕಳೀಬಾರದಂತ ತಾವ ಅಂದ್ರು, "ಹೌದ್ರಿ ಕಾಕಾ. ಸಹಿ ಮಾಡಿದಾಂವ ನಾನು. ಜವಾಬ್ದಾರಿ ನಂದ."

ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ! ಇವರ ಹೆಸರು ಹೋತಂದ್ರ ಬಾಗೇವಾಡಿ ತನಕ ಸುದ್ದಿ ಹಬ್ಬಾಕ ಎಷ್ಟೊತ್ತು? ಅಪ್ಪ ಇರಲಿ ಅವರಪ್ಪ ಇರಲಿ, ಇವತ್ತ ಬಿಡಂಗಿಲ್ಲ ಅಂತ ಸೆರಗು ಸಿಗಿಸಿಕೊಂಡೆ. ನಾ ಬಾಯಿ ತಗಿಯೋದ್ರಾಗ ನಮ್ಮಪ್ಪನೇ ಚೀರಿದ.

"ಏ, ಯಾರೂ ನಗಬ್ಯಾಡ್ರಲೇ! ಸಳಿ ಬಡದಾಂವ ನಾನು. ಅಳಿಯಂದ್ರು ಬ್ಯಾಡ ಅಂದಿದ್ರು, ನಾ ಕೇಳಲಿಲ್ಲ. ಇವತ್ತ ನನ್ನ ಹೇಣ್ತಿ ಸಾಯತಿದ್ಳು."

ಕಾಕಾನ ಕೈ ಮೀಸಿ ಮ್ಯಾಲೇ ನಿಂತಿತು.

"ಅಲ್ಲೋ," ಅಂದ ಕಾಕಾ, ದನಿ ಸಣ್ಣದಾಗಿತ್ತು, "ನಮ್ಮ ಕೊಟ್ಟಿಗ್ಯಾಗೂ ನೀನ ಬಡದೀಯಲ್ಲೋ!"

"ನಮ್ಮ ಬಚ್ಚಲದಾಗೂ!" ಅಂದ ಹಿಂದಿನಾಂವ. ಒಬ್ಬಾಕಿ ಸೊಸಿ ಹೆಸರು ಹಿಡದು ಒದರಕೋತ ಮನಿ ಕಡೆ ಓಡಿದ್ಳು, ನಳ ಮುಟ್ಟಬ್ಯಾಡ ಅಂತ. ಅಂಜಿಕಿಯೊಳಗೂ ನನಗ ನಗು ತಡೀಲಾರದಂಗ ಆತು. ಊರ ತುಂಬ ಪುಕ್ಕಟೆ ಸೇವಾ ಮಾಡ್ಯಾನ ನಮ್ಮಪ್ಪ!

ನಮ್ಮ ಮನಿಯವರು ನಗಲಿಲ್ಲ. ಟೆಸ್ಟರ್ ತಗೊಂಡು, "ಎಲ್ಲಾರೂ ಮೊದಲ ಮೇನ್ ಬಂದ್ ಮಾಡ್ರಿ, ಬಂದೆ," ಅಂದ್ರು. ನಮ್ಮಪ್ಪ ಸಳಿ ಕೀಳಾಕ ಒಂದು ಹಾರಿ ಹೆಗಲಿಗೇರಿಸಿ ಅವರ ಹಿಂದ ಹೊಂಟ. ಯಾರ ಹಿಂದೂ ನಡದಾಂವಲ್ಲ ಅಂವ. ಕಾಕಾನ ಬಾಗಿಲಾಗ ನಿಂತು, ಯಾರೂ ಕೇಳೋಕಿಂತ ಮೊದಲ ಅಂದ, "ಇದು ನನ್ನ ಕೈಕೆಲಸ ಐತಿ, ಅಳಿಯಂದ್ರದ್ದಲ್ಲ." ಮುಂದಿನ ಬಾಗಿಲಾಗೂ ಹಂಗ ಅಂದ. ಅದರ ಮುಂದಿಂದ್ರಾಗೂ.